ಅಂಬಿಗನ ವೀಣೆ ಪಾಠ

ವೀಣೆ ಕಲಿಯಲು ಹೊರಟಾಗ ಅಂಬಿಗ ಜವರಯ್ಯನಿಗೆ ಅರವತ್ತೊಂದು ವರ್ಷ.

ಆ ವರ್ಷವೇ ಅವನ ಊರಿನ ಹೊಳೆಗೆ ಸೇತುವೆಯಾಗಿತ್ತು. ಜನ ಬಸ್ಸಿನಲ್ಲಿ ಕೂತು ಆಚೆ ದಡ ಸೇರತೊಡಗಿದರು. ಜವರಯ್ಯ ತನ್ನ ಹರಿಗೋಲನ್ನು ದಡದಲ್ಲಿ ಮಗುಚಿ ಹಾಕಿದ. ಕೈಕಾಲು ತೊಳೆದುಕೊಂಡ. ಹೊಳೆದಂಡೆಯ ಆಶ್ರಮದ ಬಾಗಿಲಿಗೆ ಬಂದು ನಿಂತ.

ಅಲ್ಲಿ ನಾಚಾರಮ್ಮ ಎಂಬ ಗುರುಗಳಿದ್ದರು. ಎಪ್ಪತ್ತನಾಲ್ಕು ದಾಟಿದವರು. ಕೇಳಿ ಬಂದವರಿಗೆಲ್ಲ ವೀಣೆ ಹೇಳಿಕೊಡುತ್ತಿದ್ದರು.

"ಏನಪ್ಪಾ ಬೇಕಿತ್ತು?"

"ವೀಣೆ ಕಲೀಬೇಕು ಅಮ್ಮಾ."

"ಇಷ್ಟು ದಿನ ಯಾಕೆ ಬರಲಿಲ್ಲ?"

"ಕೈಗೆ ಬಿಡುವಿರಲಿಲ್ಲ."

ನಾಚಾರಮ್ಮ ಅವನ ಕೈ ನೋಡಿದರು. ನಲವತ್ತು ವರ್ಷ ಹುಟ್ಟು ಹಿಡಿದ ಅಂಗೈ ಹುಣಸೆಮರದ ತೊಗಟೆಯಂತಿತ್ತು. ಬೆರಳುಗಳು ಪೂರ್ತಿ ಚಾಚುತ್ತಿರಲಿಲ್ಲ.

"ನಾಳೆ ಬೆಳಿಗ್ಗೆ ಬಾ," ಎಂದರು.

ಮನೆಯಲ್ಲಿ ಹೆಂಡತಿ ಸಣ್ಣತಾಯಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ಅಯ್ಯೋ, ಇದೇನು ಬಂತು ನಿಮಗೆ ಈ ಕಾಲಕ್ಕೆ!" ಎಂದಳು. ಆದರೂ ಬೆಳಿಗ್ಗೆ ಒಗೆದ ಪಂಚೆಯನ್ನೇ ಎತ್ತಿಕೊಟ್ಟಳು.

ಮೊದಲ ದಿನವೇ ಅವನ ಕೈಯಲ್ಲಿ ತಂತಿ ಕಿತ್ತುಹೋಯಿತು.

ಜವರಯ್ಯನಿಗೆ ಭೂಮಿಗಿಳಿದುಹೋದಂತಾಯಿತು. "ತಪ್ಪಾಯ್ತು ಅಮ್ಮಾ. ಒರಟು ಕೈ."

ನಾಚಾರಮ್ಮ ಹೊಸ ತಂತಿ ತೆಗೆದು ಅದರ ತುದಿಯನ್ನು ಅವನ ಕೈಗಿತ್ತರು. ಬಿರಡೆಗೆ ಸುತ್ತುವುದು ಹೇಗೆ, ಎಷ್ಟು ಬಿಗಿದರೆ ಸ್ವರ ಬರುತ್ತದೆ ಎಂದು ತೋರಿಸಿದರು. ಅದರಲ್ಲೇ ಆ ಬೆಳಗು ಮುಗಿಯಿತು.

"ಪಾಠ ನಾಳೆಯಿಂದ ಶುರುನಾ ಅಮ್ಮಾ?"

"ಇಷ್ಟು ಹೊತ್ತು ಇನ್ನೇನು ಮಾಡಿದೆವು?" ಎಂದರು ನಾಚಾರಮ್ಮ.

ಆರು ತಿಂಗಳು ಕಳೆಯಿತು. ಜೊತೆಗೆ ಸೇರಿದ ಹುಡುಗಿಯರು ಗೀತೆ ನುಡಿಸತೊಡಗಿದ್ದರು. ಜವರಯ್ಯ ಇನ್ನೂ ಮೊದಲ ಪಾಠವಾದ ಸರಳೆಯಲ್ಲೇ ಇದ್ದ. ಎಡಗೈಯ ನಡುಬೆರಳು ಅವನ ಮಾತು ಕೇಳುತ್ತಿರಲಿಲ್ಲ. ಒಂದು ಬೆಳಿಗ್ಗೆ ಅದು ನಾಲ್ಕು ಸಲ ಒಂದೇ ಕಡೆ ಜಾರಿದಾಗ ಹಿಂದೆ ಯಾರೋ ಕಿಸಕ್ಕೆಂದರು.

ಕೆಟ್ಟ ನಗೆಯೇನಲ್ಲ. ಆದರೂ ಜವರಯ್ಯ ಮೂರು ದಿನ ಆಶ್ರಮದ ಕಡೆ ತಲೆಹಾಕಲಿಲ್ಲ.

ನಾಲ್ಕನೆಯ ದಿನ ಬಂದು ಕೈಮುಗಿದ.

"ಅಪ್ಪಣೆ ಕೊಡಿ ಅಮ್ಮಾ. ಇಷ್ಟು ಹೇಳಿಕೊಟ್ಟದ್ದೇ ನನ್ನ ಪುಣ್ಯ. ಇನ್ನು ಸಾಕು."

"ಯಾಕೆ?"

"ಇಪ್ಪತ್ತರಲ್ಲಿ ಬರಬೇಕಿತ್ತು, ಅರವತ್ತರಲ್ಲಿ ಬಂದೆ. ನೀವು ತಾನೇ ಎಷ್ಟೂಂತ ಸಹಿಸ್ತೀರಿ?"

ನಾಚಾರಮ್ಮ ಹೊಳೆಯ ಕಡೆ ನೋಡಿದರು.

"ನಿನ್ನ ಹರಿಗೋಲು ಇನ್ನೂ ಇದೆಯಾ?"

"ಇದೆ ಅಮ್ಮಾ. ಮಗುಚಿ ಹಾಕಿದೀನಿ."

"ನನಗೆ ಹುಟ್ಟು ಹಾಕೋದು ಕಲಿಸು."

"ಈ ವಯಸ್ಸಲ್ಲಾ?" ಎಂದುಬಿಟ್ಟ ಜವರಯ್ಯ. ಮರುಕ್ಷಣವೇ ನಾಲಿಗೆ ಕಚ್ಚಿಕೊಂಡ.

ನಾಚಾರಮ್ಮ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸುತ್ತಿದ್ದರು.

ಶಿಷ್ಯರೆಲ್ಲ ಗಾಬರಿಯಾದರು. ಗುರುಗಳಿಗೆ ನೀರೆಂದರೆ ಭಯ. ಐವತ್ತು ವರ್ಷ ದಂಡೆಯಲ್ಲೇ ಇದ್ದರೂ ಒಂದು ದಿನ ಹೊಳೆಗೆ ಇಳಿದವರಲ್ಲ. ಮೆಟ್ಟಿಲ ಮೇಲೆ ಕೂತು ಚೊಂಬಿನಲ್ಲಿ ನೀರು ಹುಯ್ದುಕೊಳ್ಳುತ್ತಿದ್ದರು.

ಜವರಯ್ಯ ಹರಿಗೋಲಿನ ಬಿರುಕುಗಳಿಗೆ ಡಾಂಬರು ಬಳಿದ, ಒಣಗಿಸಿದ. ಎರಡು ದಿನ ಬಿಟ್ಟು, ಬಿಸಿಲು ತಗ್ಗಿದ ಮೇಲೆ, ಗುರುಗಳ ಕೈಹಿಡಿದು ಅದರೊಳಗೆ ಕೂರಿಸಿದ.

ಹುಟ್ಟು ನೀರಿಗೆ ಬಿದ್ದದ್ದೇ ತಡ, ಹರಿಗೋಲು ಬುಗುರಿಯಂತೆ ಸುತ್ತತೊಡಗಿತು.

"ತಲೆ ತಿರುಗ್ತಾ ಇದೆ ಜವರಯ್ಯ!"

"ಅಷ್ಟು ಬಿಗಿ ಹಿಡೀಬೇಡಿ ಅಮ್ಮಾ. ನೀರಿನ ಜೊತೆ ಜಗಳ ಬೇಡ. ಮುಂದಕ್ಕೆ ಚಾಚಿ, ನಿಮ್ಮ ಕಡೆಗೆ ಎಳ್ಕೊಳ್ಳಿ. ಅಷ್ಟೇ. ಹಾಂ, ಇನ್ನೊಂದು ಸಲ."

"ಸುತ್ತುತ್ತಲೇ ಇದೆಯಲ್ಲೋ!"

"ಸುತ್ತಲಿ ಬಿಡಿ. ನಾನು ಒಂದು ಮಳೆಗಾಲ ಪೂರ್ತಿ ಸುತ್ತಿದೀನಿ. ನಮ್ಮಪ್ಪ ದಡದಲ್ಲಿ ಎಲೆಅಡಿಕೆ ಹಾಕ್ಕೊಂಡು ನೋಡ್ತಾ ಕೂತಿರೋನು."

"ಬೈತಿರಲಿಲ್ಲವೇ?"

"ಬೈಯೋಕೇನಿದೆ ಅಮ್ಮಾ? ಕಲಿಯೋ ಕೈ ಹಾಗೇ ಇರೋದು."

ಹಾಗೆಂದವನು ತಟಕ್ಕನೆ ತನ್ನ ಎಡಗೈಯ ನಡುಬೆರಳು ನೋಡಿಕೊಂಡ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ವೀಣೆಯ ಮುಂದೆ ಕೂತಿದ್ದ.

ಅಲ್ಲಿಂದ ಮುಂದೆ ಬೆಳಿಗ್ಗೆ ಅವನಿಗೆ ಪಾಠ, ಮಧ್ಯಾಹ್ನದ ಮೇಲೆ ಅವರಿಗೆ ಪಾಠ. ವಾರದೊಳಗೆ ನಾಚಾರಮ್ಮನವರ ಅಂಗೈ ಬೊಬ್ಬೆಯೆದ್ದಿತು. ಸಣ್ಣತಾಯಮ್ಮ ತುಪ್ಪ ಅರಿಶಿನ ಕಲಸಿ ಕಳಿಸಿದಳು. ದಿನಾ ಸಂಜೆ ದೇವರ ಮುಂದೆ ನುಡಿಸುವ ಗುರುಗಳು ಈಗ ವೀಣೆ ಮುಟ್ಟುವಂತಿರಲಿಲ್ಲ.

ಜವರಯ್ಯನ ಕಣ್ಣಲ್ಲಿ ನೀರು. "ಬೇಡ ಅಮ್ಮಾ. ಇದು ಎಂಥಾ ಕೈ! ನನ್ನಿಂದ ಕೆಡೋದು ಬೇಡ."

"ವಾಸಿಯಾಗುತ್ತೆ. ಅಲ್ಲೀವರೆಗೂ ಸಂಜೆ ದೇವರ ಮುಂದೆ ನೀನು ನುಡಿಸು."

"ನನಗೆ ಬರೋದು ಸರಳೆ ಒಂದೇ."

"ದೇವರು ಅದನ್ನು ಕೇಳಿ ಬಹಳ ದಿನವಾಗಿರಬೇಕು."

ಎಂಟು ಸಂಜೆ ಜವರಯ್ಯ ದೇವರ ಮುಂದೆ ಸರಳೆ ನುಡಿಸಿದ. ಹಿಂದೆ ಯಾರೂ ಕಿಸಕ್ಕೆನ್ನಲಿಲ್ಲ.

ಕೈ ವಾಸಿಯಾದ ಮೇಲೆ ಒಂದು ದಿನ ಇಬ್ಬರೂ ನಡುಹೊಳೆಯಲ್ಲಿದ್ದರು. ಈಗ ಹರಿಗೋಲು ಅಷ್ಟಾಗಿ ಸುತ್ತುತ್ತಿರಲಿಲ್ಲ.

ಜವರಯ್ಯ ಮೆಲ್ಲನೆ ಹೇಳಿದ. "ಅಮ್ಮಾ, ಜನರನ್ನ ಇಳಿಸಿ ಖಾಲಿ ಬರೋವಾಗ ಇಲ್ಲಿಗೆ ನಿಮ್ಮ ವೀಣೆ ಕೇಳಿಸೋದು. ಹುಟ್ಟು ಎತ್ತಿಟ್ಟು ಸುಮ್ಮನೆ ಕೂತುಬಿಡ್ತಿದ್ದೆ. ಮನೇಲಿ ಬೈಸ್ಕೊಂಡದ್ದೆಷ್ಟೋ. ಎಂಥಾ ಕಷ್ಟ ಇದ್ದರೂ ಅಷ್ಟು ಹೊತ್ತು ಮರೆತುಹೋಗೋದು. ನಲವತ್ತು ವರ್ಷ ಪುಕ್ಕಟೆ ಕೇಳಿದೀನಿ. ಇದನ್ನ ನಿಮಗೆ ಹೇಳಬೇಕು ಅಂತಿತ್ತು."

ನಾಚಾರಮ್ಮ ಹುಟ್ಟು ನಿಲ್ಲಿಸಿದರು.

"ಅದು ನೀನಾ?"

"ಏನಮ್ಮಾ?"

"ನೀರಿನಲ್ಲಿ ಹುಟ್ಟಿನ ಸದ್ದು ಬರ್ತಾ ಬರ್ತಾ ನಿಂತುಹೋಗೋದು. ಯಾರೋ ಕೇಳ್ತಿದ್ದಾರೆ ಅಂದುಕೊಂಡು ಇನ್ನೊಂದು ಚೂರು ನುಡಿಸ್ತಿದ್ದೆ. ನನ್ನ ಗುರುಗಳು ತೀರಿಕೊಂಡ ವರ್ಷ ಇನ್ನು ವೀಣೆ ಮುಟ್ಟಲ್ಲ ಅಂತ ನಿರ್ಧಾರ ಮಾಡಿ, ಕಡೇ ಸಲ ಕೂತಿದ್ದೆ. ಅವತ್ತೂ ಆ ಸದ್ದು ನಿಂತಿತು. ಮತ್ತೆ ಮಾರನೆಯ ದಿನವೂ ಕೂತೆ."

ಜವರಯ್ಯ ಕೈಜೋಡಿಸಿದ. ತಲೆಯೆತ್ತಿ ನೋಡಿದರೆ ಅವರೂ ಕೈಜೋಡಿಸಿದ್ದರು. ಹಿಡಿಯುವವರಿಲ್ಲದ ಹರಿಗೋಲು ನಿಧಾನವಾಗಿ ಹರಿವಿನ ಜೊತೆ ಕೆಳಕ್ಕೆ ತೇಲಿಹೋಗುತ್ತಿತ್ತು. ಇಬ್ಬರಿಗೂ ಅದರ ಪರಿವೆಯಿರಲಿಲ್ಲ.

ಮಾಘಮಾಸ ಬಂತು. ಹೊಳೆ ತಿಳಿಯಾಗಿತ್ತು. ಜವರಯ್ಯನಿಗೆ ಒಂದು ಗೀತೆ ಬಂದಿತ್ತು, ಸಣ್ಣದು. ನಾಚಾರಮ್ಮ ಇನ್ನೂ ಆಚೆ ದಡ ಮುಟ್ಟಿರಲಿಲ್ಲ.

"ಇವತ್ತು ದಾಟೋಣ," ಎಂದರು. "ವೀಣೆ ತಗೋ. ಸಣ್ಣತಾಯಮ್ಮನನ್ನೂ ಕರಿ."

ಸಣ್ಣತಾಯಮ್ಮ ಹರಿಗೋಲಿನ ಅಂಚು ಹಿಡಿದು ಕೂತಳು. ಜವರಯ್ಯ ಕಂಬಳಿ ಹಾಸಿ, ವೀಣೆಯನ್ನು ಮಗುವಿನಂತೆ ತೊಡೆಗೆ ತೆಗೆದುಕೊಂಡ. ನಾಚಾರಮ್ಮ ಮುಂದೆ ಕೂತು ಹುಟ್ಟು ಚಾಚಿದರು.

ದಡ ಬಿಟ್ಟ ಮೇಲೆ ಅವನು ನುಡಿಸಿದ. ಮೊದಲ ಸಾಲು ಬಂತು. ಎರಡನೆಯದೂ ಬಂತು. ಸಣ್ಣತಾಯಮ್ಮ ಗಂಡನ ಕೈಯನ್ನೇ ನೋಡುತ್ತಿದ್ದಳು, ಎಂದೂ ನೋಡದ ಕೈಯೆಂಬಂತೆ. ಬಿಸಿಲು, ನೀರು, ಎದುರಿಗಿದ್ದ ಆ ಮುದಿ ಬೆನ್ನು, ಎಲ್ಲದರ ಮೇಲೂ ಜವರಯ್ಯನಿಗೆ ಅಕ್ಕರೆ ಉಕ್ಕಿಬಂತು. ಬೆರಳು ಜಾರಿತು. ಸ್ವರ ತಪ್ಪಿತು.

ಅವನು ನಿಲ್ಲಿಸಿದ.

"ತಪ್ಪಿತಮ್ಮಾ. ಮೊದಲಿಂದ ಶುರು ಮಾಡ್ಲಾ?"

ನಾಚಾರಮ್ಮ ಹಿಂದಿರುಗಿ ನೋಡಲಿಲ್ಲ. ಹುಟ್ಟನ್ನು ಮುಂದಕ್ಕೆ ಚಾಚಿ ತಮ್ಮ ಕಡೆಗೆ ಎಳೆದುಕೊಂಡರು.

"ಹಿಂದಕ್ಕೆ ತಿರುಗಿಸೋದು ನನಗಿನ್ನೂ ಬರಲ್ಲ ಜವರಯ್ಯ. ಇಲ್ಲಿಂದಲೇ ನುಡಿಸು."