ಸುರಕ್ಷಿತ ದಿಬ್ಬ

ಕೃಷ್ಣೆಗೆ ಮಹಾಪೂರ ಬಂದು ಮೂರು ದಿನವಾಗಿತ್ತು. ಹೊಳೆ ನಡುವಿನ ದಿಬ್ಬದ ಮೇಲೆ ಒಂಬತ್ತು ಜನ ಸಿಕ್ಕಿಬಿದ್ದಿದ್ದರು. ತೆಪ್ಪ ನೀರಿಗಿಳಿಸಿದರೆ ಜೈಲು ಎಂದು ನೆರೆ ಪರಿಹಾರದ ಸಾಹೇಬ ಅಂಬಿಗನಿಗೆ ಹುಕುಂ ಮಾಡಿದ್ದ. ಸರ್ಕಾರಿ ಬೋಟು ಮಾತ್ರ ದಿನಾಲೂ ‘ನಾಳೆ’ ಬರುತ್ತಿತ್ತು.

ನಾಲ್ಕನೇ ದಿನ ಬೆಳಗ್ಗೆ ಅದೇ ಸಾಹೇಬ ಕಾಗದ ಹಿಡಿದು ಬಂದ.

“ನಡಿ, ನಿನ್ನ ತೆಪ್ಪದಾಗ ದಿಬ್ಬಕ್ಕ ಕರಕೊಂಡು ಹೋಗು. ‘ನಾವು ಇಲ್ಲಿ ಸುರಕ್ಷಿತ’ ಅಂತ ಅವರ ಹೆಬ್ಬೆಟ್ಟು ಒತ್ತಿಸಬೇಕು.”

ಅಂಬಿಗ ಹುಟ್ಟು ಹಾಕಿದ. ಸಾಹೇಬ ದಿಬ್ಬಕ್ಕೆ ಇಳಿದ ಕೂಡಲೇ ಒಬ್ಬ ಬಾಣಂತಿಯನ್ನೂ ಕೂಸನ್ನೂ ಹತ್ತಿಸಿಕೊಂಡು ತೆಪ್ಪ ತಿರುಗಿಸಿದ.

“ಏ, ನನ್ನ ಬಿಟ್ಟು ಎಲ್ಲಿಗೆ ಹೊಂಟಿ?”

“ದಿಬ್ಬ ಸುರಕ್ಷಿತ ಅಂತ ನಿಮ್ಮ ಕಾಗದದಾಗ ಐತಲ್ರಿ ಸಾಹೇಬ್ರ. ತೆಪ್ಪ ಇಳಿಸಿದ್ರ ಜೈಲು ಅಂದಾವ್ರೂ ನೀವ. ಕುಂದರ್ರಿ.”

ಸಾಹೇಬ ಫೋನು ತೆಗೆದ. ಅರ್ಧ ತಾಸಿನಲ್ಲಿ ಬೋಟು ಬಂತು. ಎಲ್ಲರನ್ನೂ ದಡಕ್ಕೆ ತಂದಿತು. ಕೊನೆಗೆ, ಕೌದಿಯಲ್ಲಿ ಸುತ್ತಿದ ಸಾಂತವ್ವನನ್ನು ಇಳಿಸಿದರು. ಮುದುಕಿ ಹಿಂದಿನ ದಿನವೇ ದಿಬ್ಬದ ಮೇಲೆ ಚಳಿಗೆ ಸತ್ತಿದ್ದಳು.

“ನಿನ್ನ ಸುಮ್ಮನ ಬಿಡಂಗಿಲ್ಲ,” ಎಂದು ಸಾಹೇಬ ಹಲ್ಲು ಕಡಿದ.

ಅಂಬಿಗ ಕೌದಿಯ ಕಡೆಗೇ ನೋಡುತ್ತಿದ್ದ.

“ತಪ್ಪು ನಂದ ಐತ್ರಿ. ಮೊನ್ನೆನ ನಿಮ್ಮನ್ನ ಅಲ್ಲಿ ಬಿಟ್ಟು ಬರಬೇಕಿತ್ತು.”