ಬಿದಿರುಮೆಳೆಯ ದಿಬ್ಬ

ಸಸ್ಯೋದ್ಯಾನವೊಂದರ ಏರುತಗ್ಗುಗಳನ್ನೆಲ್ಲ ಪರದೆಯ ಮೇಲೆ ಮೂಡಿಸಿ, ನೋಡುಗರು ಮನೆಯಲ್ಲಿ ಕುಳಿತೇ ಅಲ್ಲಿ ಅಡ್ಡಾಡುವಂತೆ ಮಾಡುವ ಕಾರ್ಯ ನಡೆದಿದ್ದ ಒಂದು ಕಾರ್ತಿಕಮಾಸದಲ್ಲಿ, ಅಳತೆಗೆ ನಿಯುಕ್ತವಾಗಿದ್ದ ಡ್ರೋನು ಬಿದಿರುಮೆಳೆಯ ಮೇಲೆ ಹಾರಿ, "ಇಲ್ಲೊಂದು ದಿಬ್ಬವಿದೆ" ಎಂದು ಬರೆದುಕೊಂಡಿತು.

ಮೆಳೆಯೊಳಗಿಂದ ಆಮೆ ಕತ್ತು ಚಾಚಿತು. "ಅಯ್ಯಾ, ನೀನು ಅಳೆದದ್ದು ಬಿದಿರಿನ ತಲೆಯನ್ನು. ಕೆಳಗಿರುವುದು ತಗ್ಗು, ಅದರಲ್ಲಿ ನನ್ನ ಮೊಟ್ಟೆಗಳಿವೆ. ನಿನ್ನ ಚಿತ್ರವನ್ನು ನಂಬಿ, ಎತ್ತರದ ಗಟ್ಟಿ ನೆಲವೆಂದು ತೋಟದವರು ತಾವು ಹಾಕಲಿರುವ ಹೊಸ ಕಾಲುದಾರಿಯನ್ನು ಇಲ್ಲಿಯೇ ಹಾಯಿಸಿದರೆ ಅವು ಉಳಿಯುವವೇ?"

"ಗಳಿಗೆಯೊಳಗೆ ತೋಟವನ್ನೆಲ್ಲ ಕಂಡವನು ನಾನು. ಮಾರು ದೂರಕ್ಕೆ ಅರ್ಧ ದಿನ ಹಿಡಿಯುವ ನೀನು ನನಗೆ ನೆಲ ತೋರಿಸುವೆಯಾ?"

"ತೋರಿಸುವೆ. ಎತ್ತರ ತಿಳಿಸುವ ಬಿಲ್ಲೆಯೊಂದನ್ನು ನನ್ನ ಬೆನ್ನಿಗೆ ಅಂಟಿಸು. ನಾನು ನಡೆದಂತೆ ಬರೆದುಕೋ."

ಡ್ರೋನು ನಗುತ್ತಲೇ ಬಿಲ್ಲೆ ಅಂಟಿಸಿತು. ಆಮೆ ನಡೆಯಿತು. ಡ್ರೋನಿನ ಬ್ಯಾಟರಿ ನಾಲ್ಕು ಬಾರಿ ಬರಿದಾಯಿತು, ನಾಲ್ಕು ಬಾರಿ ತುಂಬಿತು, ಆಮೆ ನಿಲ್ಲಲಿಲ್ಲ.

"ಇನ್ನೂ ಇಳಿಯುತ್ತಿರುವೆಯಾ, ಅಕ್ಕಾ?" ಎಂದು ಡ್ರೋನು ಮೆಲ್ಲಗೆ ಕೇಳಿತು.

"ಇನ್ನೂ ಎರಡು ಮೊಳವಿದೆ. ಅವಸರವಾದರೆ ನೀನು ಹೋಗು."

ಡ್ರೋನು ಹೋಗಲಿಲ್ಲ. ತಾನು ಬರೆದ ದಿಬ್ಬವನ್ನು ಅಳಿಸಿ, ಆಮೆ ಇಳಿದಷ್ಟು ಆಳದ ತಗ್ಗನ್ನು ಬರೆಯಿತು.

ತಿದ್ದಿದ ಚಿತ್ರವನ್ನು ನೋಡಿ ತೋಟದವರು ದಾರಿಯನ್ನು ಮೆಳೆಯಿಂದ ದೂರಕ್ಕೆ ಒಯ್ದರು. ಮೊಟ್ಟೆಗಳೊಡೆದು ಐದು ಮರಿಗಳು ಹೊರಬಂದವು.