ಮೂರು ಮಡಕೆ, ನಲವತ್ತು ಬಣ್ಣ

"ಗುರುಗಳೇ, ಅಪವರ್ತನವನ್ನು ನಾವು ಶಾಲೆಯಲ್ಲಿ ಬರೀ ಗಣಿತವೆಂದು ಕಲಿತೆವು. ಹನ್ನೆರಡನ್ನು ಎರಡು, ಎರಡು, ಮೂರು ಎಂದು ಬಿಡಿಸಿದೆವು. ಈಗ ನೋಡಿದರೆ ನಕ್ಷತ್ರದ ಬೆಳಕನ್ನು ಪರೀಕ್ಷಿಸುವವರು ಅದನ್ನೇ ಬಳಸುತ್ತಾರೆ. ರೋಗಿಯ ರಕ್ತವನ್ನು ಪರೀಕ್ಷಿಸುವವರೂ ಅದನ್ನೇ ಬಳಸುತ್ತಾರೆ. ಊರಿನ ಗಾಳಿಗೆ ಹೊಗೆ ಎಲ್ಲಿಂದ ಸೇರಿತೆಂದು ಹುಡುಕುವವರಿಗೂ ಅದೇ ಬೇಕು. ಒಂದಕ್ಕೊಂದು ಸಂಬಂಧವಿಲ್ಲದ ಇಷ್ಟು ಕೆಲಸಗಳಿಗೆ ಒಂದೇ ವಿದ್ಯೆ ಹೇಗೆ ಒದಗುತ್ತದೆ?"

ಹೀಗೆ ಕೇಳಿದವಳು ಕಾತ್ಯಾಯಿನಿ. ಅವಳು ಸಂಶೋಧನೆ ಮುಗಿಸಿ ಪ್ರಬಂಧ ಬರೆಯುತ್ತಿದ್ದಳು. ಅವಳ ಗುರುಗಳು ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾಗಿದ್ದವರು. ಅವರು ಪುಸ್ತಕ ತೆಗೆಯಲಿಲ್ಲ. ಕುಳಿತಲ್ಲಿಂದಲೇ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ವಿರೂಪಣ್ಣ ಎಂಬ ವೈದ್ಯನಿದ್ದ. ಅವನ ತಂದೆಯೂ ಅದೇ ಊರಿನಲ್ಲಿ ವೈದ್ಯನಾಗಿದ್ದ. ಜನ ಅವನ ಮಾತನ್ನು ನಂಬುತ್ತಿದ್ದರು.

ಒಂದು ವರ್ಷ ಆ ಊರಿನ ಎರಡು ಕೇರಿಗಳಲ್ಲಿ ಕಾಯಿಲೆ ಶುರುವಾಯಿತು. ಅರವತ್ತು ಮನೆಗಳಲ್ಲಿ ಜನ ಮಲಗಿದರು. ಒಬ್ಬರಿಗೆ ಜ್ವರ ಬಂದು ಭೇದಿಯಾಗುತ್ತಿತ್ತು. ಇನ್ನೊಬ್ಬರಿಗೆ ಕೈಕಾಲು ಜೋಮು ಹಿಡಿದು ಅಂಗೈ ಒರಟಾಗುತ್ತಿತ್ತು. ಕೆಲವರಿಗೆ ಎರಡೂ ಇದ್ದವು. ಹೊಟ್ಟೆನೋವು ಮತ್ತು ನಿಶ್ಶಕ್ತಿ ಎಲ್ಲರಿಗೂ ಇದ್ದವು. ಒಂದು ಮನೆಯ ಕಾಯಿಲೆಯಂತೆ ಇನ್ನೊಂದು ಮನೆಯದು ಇರಲಿಲ್ಲ.

ವಿರೂಪಣ್ಣ ಇದನ್ನು ಒಂದೇ ರೋಗವೆಂದು ತಿಳಿದು ಎಲ್ಲರಿಗೂ ಒಂದೇ ಕಷಾಯ ಕೊಟ್ಟ. ಕೆಲವರು ಎದ್ದು ಓಡಾಡಿದರು. ಕೆಲವರಿಗೆ ಏನೂ ಆಗಲಿಲ್ಲ. ಇಬ್ಬರು ವೃದ್ಧರು ತೀರಿಕೊಂಡರು. ಆಮೇಲೆ ಅವನು ಮನೆಗೊಂದು ರೋಗವೆಂದು ತಿಳಿದು ಮನೆಗೊಂದು ಔಷಧ ಕೊಡಲು ಹೊರಟ. ಅರವತ್ತು ಔಷಧಗಳು ಅವನಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರುವುದಿಲ್ಲ.

ಅವನ ಹೆಂಡತಿ ಬಾಳವ್ವ ಕೌದಿ ಹೊಲಿಯುವವಳು. ಅವಳ ಬೆರಳುಗಳಿಗೂ ಜೋಮು ಬಂತು. ಸೂಜಿ ಚುಚ್ಚಿದರೆ ಅವಳಿಗೆ ತಿಳಿಯುತ್ತಿರಲಿಲ್ಲ. ಬಟ್ಟೆಯ ಮೇಲೆ ರಕ್ತದ ಕಲೆ ಕಂಡಾಗಲೇ ತಿಳಿಯುತ್ತಿತ್ತು. ಅವಳು ಗಂಡನಿಗೆ ಏನೂ ಹೇಳದೆ ಕೌದಿಯನ್ನು ಮಡಚಿ ಎತ್ತಿಟ್ಟಳು. ಮಡಚಿಟ್ಟ ಕೌದಿಯನ್ನು ನೋಡಿದ ದಿನ ವಿರೂಪಣ್ಣನಿಗೆ ತನ್ನ ವಿದ್ಯೆಯ ಮೇಲೆ ನಂಬಿಕೆ ಹೋಯಿತು. ವೈದ್ಯವೃತ್ತಿಯನ್ನೇ ಬಿಟ್ಟುಬಿಡೋಣ ಎಂದುಕೊಂಡ.

ಆ ವಾರವೇ ಸಾವಂತ್ರವ್ವ ಎಂಬವಳು ಹೇಳಿಕಳಿಸಿದಳು. ಅವಳು ನೂಲಿಗೆ ಬಣ್ಣ ಹಾಕುವವಳು. ಗಂಡ ತೀರಿಕೊಂಡ ಮೇಲೆ ಆ ಕೆಲಸವನ್ನು ತಾನೇ ನಡೆಸಿಕೊಂಡು ಬಂದಿದ್ದಳು. ಅವಳ ಸೊಸೆಗೂ ಕಾಯಿಲೆಯಾಗಿತ್ತು. ವಿರೂಪಣ್ಣ ಹೋಗಿ ಸೊಸೆಯ ನಾಡಿ ನೋಡಿದ. ಆಮೇಲೆ ಹೊರಗೆ ಬಂದು ಅಂಗಳದ ಕಟ್ಟೆಯ ಮೇಲೆ ಕುಳಿತ.

ಅಂಗಳದ ಉದ್ದಕ್ಕೂ ಹಗ್ಗ ಕಟ್ಟಿ ನೂಲು ಒಣಹಾಕಿದ್ದರು. ಹಸಿರಿನಲ್ಲೇ ಹತ್ತು ಬಗೆಯಿದ್ದವು. ನೇರಳೆಯಲ್ಲಿ ಏಳೆಂಟು ಇದ್ದವು. ಎಣಿಸಿದರೆ ನಲವತ್ತು ಬಣ್ಣಗಳಾದವು. ಅಂಗಳದ ಮೂಲೆಯಲ್ಲಿ ಮಡಕೆಗಳು ಮಾತ್ರ ಮೂರೇ ಇದ್ದವು.

"ಇಷ್ಟು ಬಣ್ಣಕ್ಕೆ ಮೂರೇ ಮಡಕೆಗಳೇ?" ಎಂದು ಅವನು ಕೇಳಿದ.

"ಮೂರೇ. ನೀಲಿ, ಕೆಂಪು, ಅರಿಸಿನ. ಒಂದೊಂದು ನೂಲು ಒಂದೊಂದರಲ್ಲಿ ಎಷ್ಟು ಹೊತ್ತು ಮುಳುಗಿತು ಎನ್ನುವುದಷ್ಟೇ ಲೆಕ್ಕ."

"ಬೇರೆಯವರು ಬಣ್ಣ ಹಾಕಿದ ನೂಲನ್ನು ಕೊಟ್ಟರೆ ಯಾವ ಯಾವ ಮಡಕೆಯದೆಂದು ಹೇಳಬಲ್ಲಿರಾ?"

ಸಾವಂತ್ರವ್ವ ಹಗ್ಗದ ಮೇಲಿನ ನೂಲನ್ನು ತಿರುವಿ ಹಾಕುತ್ತ ಹೇಳಿದಳು. "ಒಂದೇ ನೂಲನ್ನು ಕೊಟ್ಟರೆ ಹೇಳಲಾರೆ, ವೈದ್ಯರೇ. ಅದು ಎಲ್ಲವೂ ಕಲಸಿಹೋದ ಒಂದು ಬಣ್ಣ, ಅಷ್ಟೇ. ಇಪ್ಪತ್ತು ನೂಲು ಕೊಡಿ. ಪಕ್ಕಪಕ್ಕದಲ್ಲಿಟ್ಟು ನೋಡುತ್ತೇನೆ. ಯಾವ ಛಾಯೆ ಯಾವುದರ ಜೊತೆಗೆ ಏರುತ್ತದೆ, ಯಾವುದರ ಜೊತೆಗೆ ಇಳಿಯುತ್ತದೆ ಎಂದು ಕಾಣುತ್ತದೆ. ಜೊತೆಯಾಗಿ ಏರಿಳಿಯುವುದೆಲ್ಲ ಒಂದೇ ಮಡಕೆಯದು."

ವಿರೂಪಣ್ಣ ಅವಳಿಗೆ ಕೈಮುಗಿದು ಎದ್ದ. ಯಾಕೆ ಮುಗಿದನೆಂದು ಅವಳಿಗೆ ತಿಳಿಯಲಿಲ್ಲ.

ಮನೆಗೆ ಬಂದು ಅವನು ಪಡಸಾಲೆಯ ಗೋಡೆಯ ಮೇಲೆ ಇದ್ದಿಲಿನಿಂದ ಪಟ್ಟಿ ಬರೆದ. ಮನೆಗೊಂದು ಸಾಲು, ಒಂದೊಂದು ತೊಂದರೆಗೆ ಒಂದು ಕಂಬ. ತೊಂದರೆ ಕಡಿಮೆಯಿದ್ದರೆ ಒಂದು ಗೆರೆ, ಹೆಚ್ಚಿದ್ದರೆ ಐದು ಗೆರೆ. ಅರವತ್ತು ಮನೆಗಳನ್ನೂ ಇನ್ನೊಮ್ಮೆ ಸುತ್ತಿ ಕೇಳಿ ಬಂದು ತುಂಬಿಸಿದ. ನಾಲ್ಕು ದಿನ ಹಿಡಿಯಿತು. ಗೋಡೆ ತುಂಬಿದ ಮೇಲೆ ಎದುರಿಗೆ ಕುಳಿತು ನೋಡಿದ.

ಜ್ವರ ಏರಿದ ಮನೆಯಲ್ಲಿ ಭೇದಿಯೂ ಏರಿತ್ತು. ಜೋಮು ಏರಿದ ಮನೆಯಲ್ಲಿ ಅಂಗೈ ಒರಟಾಗುವುದೂ ಏರಿತ್ತು. ಹೊಟ್ಟೆನೋವು ಎರಡರ ಜೊತೆಗೂ ಇತ್ತು, ಅದಕ್ಕೇ ಇಷ್ಟು ದಿನ ಅವನು ದಾರಿ ತಪ್ಪಿದ್ದ. ಇದು ಒಂದೇ ರೋಗವಲ್ಲ, ಅರವತ್ತೂ ಅಲ್ಲ ಎಂದು ಅವನಿಗೆ ತಿಳಿಯಿತು. ಎರಡೇ ಇದ್ದವು. ಅವು ಒಂದೊಂದು ಮನೆಯಲ್ಲಿ ಒಂದೊಂದು ಪ್ರಮಾಣದಲ್ಲಿ ಬೆರೆತಿದ್ದವು.

ಮರುದಿನ ಅವನು ಮನೆಮನೆಗೆ ಹೋಗಿ ಒಂದೇ ಮಾತು ಕೇಳಿದ. ನೀರು ಎಲ್ಲಿಂದ ತರುತ್ತೀರಿ? ಆ ಕೇರಿಗಳ ಜನ ಎರಡು ಕಡೆಯಿಂದ ನೀರು ತರುತ್ತಿದ್ದರು, ಒಂದು ಕೆರೆ, ಇನ್ನೊಂದು ಬಾವಿ. ಕೆರೆಯ ನೀರನ್ನು ಹೆಚ್ಚು ಕುಡಿದ ಮನೆಯಲ್ಲಿ ಜ್ವರವೂ ಭೇದಿಯೂ ಹೆಚ್ಚಿದ್ದವು. ಬಾವಿಯ ನೀರನ್ನು ಹೆಚ್ಚು ಕುಡಿದ ಮನೆಯಲ್ಲಿ ಜೋಮು ಹೆಚ್ಚಿತ್ತು. ಆ ಬಾವಿ ಸಾವಂತ್ರವ್ವನ ಅಂಗಳದ ಹಿಂದೆ ಇತ್ತು.

ವಿರೂಪಣ್ಣ ಆ ದಿನ ಯಾರಿಗೂ ಕಾರಣ ಹೇಳಲಿಲ್ಲ. ಬಾವಿಯ ನೀರು ಮುಟ್ಟಬೇಡಿ, ಕೆರೆಯ ನೀರನ್ನು ಕುದಿಸಿ ಕುಡಿಯಿರಿ ಎಂದಷ್ಟೇ ಎರಡೂ ಕೇರಿಗಳಲ್ಲಿ ಹೇಳಿ ಬಂದ. ಆಮೇಲೆ ಊರ ಹಿರಿಯರ ಹತ್ತಿರ ಹೋಗುವ ಮೊದಲು ಸಾವಂತ್ರವ್ವನ ಹತ್ತಿರ ಹೋದ.

"ನೀವು ಹೇಳಿದ ಮಾತನ್ನೇ ಹಿಡಿದು ಹುಡುಕಿದೆ. ಅದು ನಿಮ್ಮ ಬಾವಿಯ ಹತ್ತಿರ ಬಂದು ನಿಂತಿತು. ನಿಮ್ಮ ಮಡಕೆಗೆ ಏನು ಹಾಕುತ್ತೀರಿ?"

ಅವಳು ಮುಚ್ಚಿಡಲಿಲ್ಲ. ಎರಡು ವರ್ಷಗಳಿಂದ ನೀಲಿಯ ಮಡಕೆಗೆ ಹರಿತಾಳವೆಂಬ ಹಳದಿ ಕಲ್ಲಿನ ಪುಡಿ ಹಾಕುತ್ತಿದ್ದಳು. ನೀಲಿ ಬೇಗ ಹದಕ್ಕೆ ಬರುತ್ತದೆಂದು ದೂರದ ಊರಿನ ಬಣ್ಣಗಾರರು ಕಲಿಸಿದ್ದರು. ಅದು ವಿಷವೆಂದು ಅವಳಿಗೆ ಗೊತ್ತಿತ್ತು. ನೂಲು ತೊಳೆದು ಚೆಲ್ಲಿದ ನೀರು ನೆಲದೊಳಗೆ ಇಳಿದು ಬಾವಿಗೆ ಸೇರುತ್ತದೆಂದು ಗೊತ್ತಿರಲಿಲ್ಲ. ಅವಳು ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. ಅದೂ ಒರಟಾಗಿತ್ತು. ಕೆಲಸದಿಂದ ಹಾಗಾಗಿದೆ ಎಂದುಕೊಂಡಿದ್ದಳು.

"ನನ್ನ ಸೊಸೆಗೆ ಆಗಿರುವುದೂ ಇದೇ ಏನು?"

"ಇದೇ."

ಅವಳು ಎದ್ದು ಒಲೆ ಆರಿಸಿದಳು. ನೀಲಿಯ ಮಡಕೆಯಲ್ಲಿದ್ದುದನ್ನು ನೆಲಕ್ಕೆ ಚೆಲ್ಲಲಿಲ್ಲ. ಕಲ್ಲಿನ ತೊಟ್ಟಿಗೆ ತುಂಬಿಸಿ ಗಾರೆಯಿಂದ ಬಾಯಿ ಮುಚ್ಚಿಸಿದಳು. ಮರುದಿನ ಊರ ಹಿರಿಯರು ಸೇರಿದಾಗ ವೈದ್ಯ ಬಾಯಿ ತೆರೆಯುವ ಮೊದಲೇ ತಾನೇ ಎದ್ದು ನಿಂತು ಎಲ್ಲವನ್ನೂ ಹೇಳಿದಳು.

ಕೆಲವರಿಗೆ ಸಿಟ್ಟು ಬಂತು. ತೀರಿಕೊಂಡವರಲ್ಲಿ ಒಬ್ಬರ ಮಗ, ಇವಳನ್ನು ಊರಿನಿಂದ ಹೊರಗೆ ಹಾಕಬೇಕು ಎಂದ. ವಿರೂಪಣ್ಣ ಅವನನ್ನು ತಡೆಯಲಿಲ್ಲ. ಅವನ ಮಾತು ಮುಗಿಯುವವರೆಗೆ ಕಾದು, ಗೋಡೆಯ ಮೇಲಿನ ಪಟ್ಟಿಯ ಸಂಗತಿ ಹೇಳಿದ. ಆ ಪಟ್ಟಿ ಬರೆಯುವ ಬುದ್ಧಿ ತನಗೆ ಯಾರಿಂದ ಬಂತೆಂದೂ ಹೇಳಿದ. "ನಾನು ಔಷಧ ಕೊಟ್ಟು ಸೋತಿದ್ದೆ. ಇವರ ಅಂಗಳದಲ್ಲಿ ಕುಳಿತ ಮೇಲೆ ನನಗೆ ದಾರಿ ಕಂಡಿತು" ಎಂದ. ಜನ ಬಹಳ ಹೊತ್ತು ಚರ್ಚೆ ಮಾಡಿದರು. ಕೊನೆಗೆ ಬಾವಿಯನ್ನು ಮುಚ್ಚುವುದೆಂದೂ, ಬಣ್ಣದ ಕೆಲಸವನ್ನು ಊರಾಚೆಯ ಬಂಡೆಯ ನೆಲಕ್ಕೆ ಸಾಗಿಸುವುದೆಂದೂ ತೀರ್ಮಾನವಾಯಿತು. ತೀರಿಕೊಂಡವರ ಮಗ ಮಾತ್ರ ಒಪ್ಪದೆ ಎದ್ದು ಹೋದ. ಅವನದು ತಪ್ಪೆಂದು ಯಾರೂ ಅನ್ನಲಿಲ್ಲ.

ಜ್ವರ ಒಂದು ತಿಂಗಳಲ್ಲಿ ನಿಂತಿತು. ಜೋಮು ಇಳಿಯಲು ಬಹಳ ಕಾಲ ಬೇಕಾಯಿತು. ಕೆಲವರ ಬೆರಳಿಗೆ ಸ್ಪರ್ಶ ಪೂರ್ತಿ ಮರಳಲೇ ಇಲ್ಲ. ಸಾವಂತ್ರವ್ವನ ಸೊಸೆ ಎದ್ದಳು. ಸಾವಂತ್ರವ್ವ ಹರಿತಾಳವನ್ನು ಬಿಟ್ಟು, ಬೆಲ್ಲ ಹಾಕಿ ನೀಲಿ ಹುದುಗಿಸುವ ಹಳೆಯ ಕ್ರಮಕ್ಕೆ ಮರಳಿದಳು. ಅದಕ್ಕೆ ಹೆಚ್ಚು ದಿನ ಬೇಕಾಗುತ್ತಿತ್ತು. ಅವಳು ಕಾಯುತ್ತಿದ್ದಳು.

ಒಂದು ಬೆಳಿಗ್ಗೆ ಬಾಳವ್ವ ನೂಲು ಪೋಣಿಸುವಾಗ ಸೂಜಿ ಬೆರಳಿಗೆ ಚುಚ್ಚಿತು. ನೋವಾಯಿತು. ಅವಳು ಬೆರಳನ್ನು ಹಿಡಿದುಕೊಂಡು ನಕ್ಕಳು, ಹಾಗೆಯೇ ಅತ್ತಳು. ಆಮೇಲೆ ಸೀರೆ ಬದಲಿಸಿ ಊರಾಚೆಯ ಬಂಡೆಯವರೆಗೆ ನಡೆದು ಹೋದಳು.

ಅವಳನ್ನು ಕಂಡು ಸಾವಂತ್ರವ್ವ ತಲೆ ತಗ್ಗಿಸಿದಳು. "ನನ್ನನ್ನು ಬೈಯಲು ಬಂದಿದ್ದರೆ ಬೈದುಬಿಡು ತಾಯಿ" ಎಂದಳು.

ಬಾಳವ್ವ ಅವಳ ಎರಡೂ ಕೈಗಳನ್ನು ಹಿಡಿದುಕೊಂಡಳು. "ನನ್ನ ಕೈ ಕೆಟ್ಟದ್ದು ನಿಮ್ಮ ಮಡಕೆಯಿಂದ. ಅದನ್ನು ಹಿರಿಯರ ಮುಂದೆ ನೀವೇ ಒಪ್ಪಿಕೊಂಡಿರಿ, ಅದು ಅಲ್ಲಿಗೆ ಮುಗಿಯಿತು. ನನ್ನ ಕೈ ಉಳಿದದ್ದು ನಿಮ್ಮ ಮಾತಿನಿಂದ. ಅದನ್ನು ಹೇಳಲು ಇನ್ನೂ ಯಾರೂ ನಿಮ್ಮ ಹತ್ತಿರ ಬಂದಿರಲಿಲ್ಲ. ನಾನು ಬಂದೆ" ಎಂದಳು.

ಮುಂದೆ ಬೇರೆ ಊರಿನ ವೈದ್ಯರು ಆ ಪಟ್ಟಿಯ ಕ್ರಮವನ್ನು ಕೇಳಿಕೊಂಡು ಬಂದರು. ಆಮೇಲೆ ಹೊಳೆಯ ಮೆಕ್ಕಲು ಮಣ್ಣು ಯಾವ ಯಾವ ಬೆಟ್ಟದಿಂದ ಬಂತೆಂದು ತಿಳಿಯಬೇಕಾದವರು ಬಂದರು. ಲೋಹಗಳ ಬೆರಕೆ ತಿಳಿಯಬೇಕೆಂದು ಗಂಟೆ ಎರಕ ಹೊಯ್ಯುವವರು ಬಂದರು. ವಿರೂಪಣ್ಣ ಎಲ್ಲರಿಗೂ ಗೋಡೆಯನ್ನು ತೋರಿಸಿದ. ತೋರಿಸಿದ ಮೇಲೆ ಒಬ್ಬೊಬ್ಬರನ್ನೂ ಊರಾಚೆಯ ಬಂಡೆಗೆ ಕರೆದುಕೊಂಡು ಹೋಗಿ, "ಇವರು ನನ್ನ ಗುರುಗಳು" ಎಂದು ಸಾವಂತ್ರವ್ವನನ್ನು ಪರಿಚಯಿಸಿದ.

ಗುರುಗಳು ಕತೆ ಮುಗಿಸಿದರು. ಕಾತ್ಯಾಯಿನಿಯ ಮುಖ ಅರಳಿತ್ತು.

"ತಿಳಿಯಿತು ಗುರುಗಳೇ. ನಕ್ಷತ್ರವಾಗಲಿ, ರಕ್ತವಾಗಲಿ, ಹೊಗೆಯಾಗಲಿ, ಕಣ್ಣಿಗೆ ಕಾಣುವುದು ಹಲವು ಮಿಶ್ರಣ. ಅದರ ಹಿಂದೆ ಇರುವ ಮೂಲ ಕೆಲವೇ. ಅದಕ್ಕೇ ವಿದ್ಯೆ ಒಂದೇ ಸಾಕು. ನನ್ನ ಪ್ರಬಂಧದ ಮೊದಲ ಅಧ್ಯಾಯಕ್ಕೆ ಇದನ್ನೇ ಬರೆಯುತ್ತೇನೆ. ಇಷ್ಟು ವರ್ಷ ನಾನೊಬ್ಬಳೇ ಒದ್ದಾಡಿ ಕಟ್ಟಿದ್ದಕ್ಕೆ ಈಗ ಒಂದು ಅರ್ಥ ಬಂತು."

ಗುರುಗಳು ಅವಳನ್ನು ಪ್ರೀತಿಯಿಂದ ನೋಡಿ ಹೇಳಿದರು.

"ಆ 'ನಾನೊಬ್ಬಳೇ' ಎನ್ನುವುದನ್ನೂ ಒಮ್ಮೆ ಬಿಡಿಸಿ ನೋಡಮ್ಮ, ನೀನು ಯಾರು ಯಾರಿಗೆ ಕೈಮುಗಿಯಬೇಕೆಂದು ತಿಳಿಯುತ್ತದೆ."